ಭಾಷಣದಲ್ಲಿ ಕಳೆದುಹೋದ ಬಿಷಪ್

ವೇದನಾಯಗಂ ಸಾಮುವೇಲ್ ಅಜರಯ್ಯನವರ ಹೆಸರೆತ್ತಿದರೆ ನಮ್ಮ ದೈವಶಾಸ್ತ್ರ ಕಾಲೇಜುಗಳಲ್ಲಿ ಓದಿದವರು ಎರಡು ಸಂಗತಿ ಹೇಳುತ್ತಾರೆ. ಒಂದು, 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ಪಾಶ್ಚಾತ್ಯ ಮಿಷನರಿಗಳನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ತ್ಯಾಗದ ಜೊತೆಗೆ ಸ್ನೇಹವೂ ಬೇಕು ಎಂದು ಕೇಳಿದ ಭಾಷಣ. ಇನ್ನೊಂದು, 1930ರ ದಶಕದಲ್ಲಿ ಮತಾಂತರದ ವಿಷಯವಾಗಿ ಗಾಂಧೀಜಿಯವರೊಂದಿಗೆ ಬಂದ ಭಿನ್ನಾಭಿಪ್ರಾಯ. ಭಾಷಣ ದೊಡ್ಡದೇ, ಅಲ್ಲ ಎನ್ನುವುದಿಲ್ಲ. ಆದರೆ ಅದನ್ನು ಮಾಡಿದಾಗ ಅವರಿಗೆ ಮೂವತ್ತೈದು ವರ್ಷ. ಆಮೇಲೆ 1945ರ ಜನವರಿ 1ರಂದು ತೀರಿಕೊಳ್ಳುವವರೆಗೆ ಅವರು ದೋರ್ನಕಲ್‌ನಲ್ಲಿ ಕಟ್ಟಿದ್ದನ್ನು ನಮ್ಮ ಚರಿತ್ರಕಾರರು ಅಡಿಟಿಪ್ಪಣಿಗೆ ತಳ್ಳಿದ್ದಾರೆ. ಸೂಸನ್ ಬಿಲ್ಲಿಂಗ್ಟನ್ ಹಾರ್ಪರ್ 2000ದಲ್ಲಿ ಪ್ರಕಟಿಸಿದ ಜೀವನಚರಿತ್ರೆ ಆ ಕೆಲಸವನ್ನು ಎಳೆಎಳೆಯಾಗಿ ಬಿಡಿಸಿಡುತ್ತದೆ. ಆದರೂ ಶೀರ್ಷಿಕೆಯಲ್ಲಿ ಅವರನ್ನು ಮಹಾತ್ಮರ ನೆರಳಿಗೆ ಸೇರಿಸಿಬಿಟ್ಟಿತು, ಓದುಗರು ಆ ನೆರಳಲ್ಲೇ ನಿಂತರು. ಅಜರಯ್ಯನವರ ನಿಜವಾದ ಕೃತಿ ಅವರ ಸಭೆ. ಅದನ್ನು ಒಂದು ಕೃತಿಯಂತೆಯೇ ಓದಬೇಕು.

ಅವರು ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈನವರು, ಹಳ್ಳಿಯ ಸಭಾಪಾಲಕರ ಮಗ. 1909ರಲ್ಲಿ ವೈಎಂಸಿಎ ಕೆಲಸ ಬಿಟ್ಟು ನಿಜಾಮರ ಸೀಮೆಯ ದೋರ್ನಕಲ್‌ಗೆ ಹೋದರು, ತೆಲುಗು ಕಲಿತರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಬಿಷಪ್ ಅಭಿಷೇಕವಾಯಿತು. ಆಂಗ್ಲಿಕನ್ ಸಭೆಗೆ ಅವರೇ ಮೊದಲ ಭಾರತೀಯ ಬಿಷಪ್. ಆಗ ಅವರ ಅಧೀನದಲ್ಲಿದ್ದವರು ಆರು ಮಂದಿ ಭಾರತೀಯ ಪಾದ್ರಿಗಳು, 172 ಮಂದಿ ಉಪದೇಶಿಗಳು ಮತ್ತು ಇತರ ಸೇವಕರು. 1930ರ ದಶಕದ ನಡುವಿನ ಹೊತ್ತಿಗೆ ಡಯಾಸಿಸ್‌ನ ಕ್ರೈಸ್ತರ ಸಂಖ್ಯೆ ಎರಡು ಲಕ್ಷ ದಾಟಿತ್ತು. ಹೆಚ್ಚಿನವರು ಮಾಲ, ಮಾದಿಗ ಕೇರಿಗಳ ಕೂಲಿಕಾರರು. ಇದಕ್ಕೆ ಸಾಮೂಹಿಕ ಮತಾಂತರ ಚಳವಳಿಯ ಅಲೆ ಕಾರಣ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಅಲೆ ಇತ್ತು, ನಿಜ. ಅದೇ ಅಲೆ ಬೇರೆ ಮಿಷನ್‌ಗಳ ಕ್ಷೇತ್ರಗಳಿಗೂ ಬಂದಿತ್ತು. ಬಂದ ಜನರನ್ನು ದೋರ್ನಕಲ್ ಏನು ಮಾಡಿತು ಎಂಬುದು ಕೇಳಬೇಕಾದ ಪ್ರಶ್ನೆ.

ಅದಕ್ಕೆ ಉತ್ತರ ಅವರು ದೀಕ್ಷಾಸ್ನಾನದೊಳಕ್ಕೆ ತಂದ ಒಂದು ಸಣ್ಣ ಕ್ರಿಯೆಯಲ್ಲಿದೆ. ದೀಕ್ಷೆ ಪಡೆದವನು ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟು ಬಿಷಪರ ಹಿಂದೆ ಹೇಳಬೇಕಿತ್ತು: ನಾನು ದೀಕ್ಷಾಸ್ನಾನ ಹೊಂದಿದ ಕ್ರೈಸ್ತ, ಸುವಾರ್ತೆ ಸಾರದೆ ಹೋದರೆ ನನಗೆ ಕೇಡು. ಎರಡನೆಯ ಭಾಗ ಪೌಲನದು, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಒಂಬತ್ತನೆಯ ಅಧ್ಯಾಯದ್ದು. ಅಲ್ಲಿ ಪೌಲ ಮಾತಾಡುತ್ತಿರುವುದು ಅಪೊಸ್ತಲನಾದ ತನ್ನ ಹಕ್ಕು, ತನ್ನ ಸಂಬಳ, ತನ್ನ ಮೇಲಿನ ನಿರ್ಬಂಧದ ಬಗ್ಗೆ. ಸಭೆಯ ಸಾಮಾನ್ಯ ಸದಸ್ಯರಿಗೆ ಅವನು ಅದನ್ನು ಅನ್ವಯಿಸಿಲ್ಲ. ಅಜರಯ್ಯ ಆ ವಾಕ್ಯವನ್ನು ಅಪೊಸ್ತಲನ ಬಾಯಿಂದ ತೆಗೆದು, ಅಕ್ಷರ ಬಾರದ, ನಿನ್ನೆಯವರೆಗೆ ಊರ ಬಾವಿಯ ಹತ್ತಿರ ಸುಳಿಯಲಾಗದ ಕೂಲಿಯವನ ಬಾಯಿಗೆ ಇಟ್ಟರು. ವ್ಯಾಖ್ಯಾನದ ದೃಷ್ಟಿಯಿಂದ ಇದು ಅತಿಕ್ರಮ. ನನಗೆ ಅದು ಅವರ ಇಡೀ ಜೀವನದ ಅತ್ಯಂತ ಧೈರ್ಯದ ಓದಾಗಿ ಕಾಣುತ್ತದೆ.

ಕೈಯನ್ನು ನೋಡಿ. ಸಭೆಯ ಸಂಪ್ರದಾಯದಲ್ಲಿ ಹಸ್ತನಿಕ್ಷೇಪ ಮಾಡುವವನು ಬಿಷಪ್. ಪಾದ್ರಿಯಾಗುವವನು ಇನ್ನೊಬ್ಬರ ಕೈಯ ಕೆಳಗೆ ತಲೆ ಬಾಗಿಸುತ್ತಾನೆ, ಅಧಿಕಾರ ಹಾಗೆ ಮೇಲಿನಿಂದ ಇಳಿದು ಬರುತ್ತದೆ. ಇಲ್ಲಿ ಬಿಷಪ್ ಎದುರಿಗೇ ಇದ್ದಾರೆ, ಆದರೆ ತಲೆಯ ಮೇಲಿರುವುದು ದೀಕ್ಷೆ ಪಡೆದವನದೇ ಕೈ. ಅದೇ ಹೊತ್ತಿಗೆ ಇದು ನಮ್ಮ ಹಳ್ಳಿಗಳವರಿಗೆ ಹೇಳಿಕೊಡಬೇಕಿಲ್ಲದ ಭಂಗಿ. ತಲೆ ಮುಟ್ಟಿ ಆಣೆ ಮಾಡುವುದೆಂದರೇನೆಂದು ಎಲ್ಲರಿಗೂ ಗೊತ್ತು, ಆ ಆಣೆ ತಪ್ಪಿದರೆ ಏನಾಗುತ್ತದೆಂದೂ ಗೊತ್ತು. ಪೌಲನ ಕೇಡು ಎಂಬ ಮಾತು ಆ ಭಂಗಿಯಲ್ಲಿ ಊರಿನದೇ ಕಾನೂನಾಗುತ್ತದೆ. ಮೂರನೆಯದೊಂದಿದೆ, ಬೋಧನೆಯ ಪುಸ್ತಕಗಳು ಅದನ್ನು ಗಮನಿಸುವುದಿಲ್ಲ. ಮುಟ್ಟಿದರೆ ಮೈಲಿಗೆ ಎಂದು ಊರೆಲ್ಲ ದೂರವಿಟ್ಟ ಕೈ ಅದು. ಸುವಾರ್ತಾಸೇವೆಗೆ ಆಯ್ಕೆಯ ಗುರುತಾಗಿ ಬಳಕೆಯಾಗುವುದು ಅದೇ ಕೈ.

ಯಾವಾಗ ಎಂಬುದೂ ಮುಖ್ಯ. ನಮ್ಮಲ್ಲಿ ಸಾಮಾನ್ಯ ಕ್ರಮವೇನು? ಮೊದಲು ದೀಕ್ಷಾಸ್ನಾನ, ಆಮೇಲೆ ಬೋಧನೆ, ಆಮೇಲೆ ದೃಢೀಕರಣ, ವರ್ಷಗಳು ಕಳೆದು ಆಸಕ್ತಿ ಇದ್ದವರಿಗೆ ಸುವಾರ್ತಾ ಸಮಿತಿ. ಅಜರಯ್ಯ ಕೊನೆಯದನ್ನು ಮೊದಲ ದಿನಕ್ಕೆ ತಂದರು. ನೀರು ಆರುವ ಮೊದಲೇ ಅವನು ಸಾಕ್ಷಿ. ಹೀಗಾಗಿ ದೋರ್ನಕಲ್‌ನ ಸಾಕ್ಷಿ ವಾರದಲ್ಲಿ ನೆರೆಹಳ್ಳಿಗಳಿಗೆ ಹೊರಟವರು ಸಂಬಳದ ಉಪದೇಶಿಗಳಷ್ಟೇ ಅಲ್ಲ, ಸಭೆಯ ಗಂಡಸರೂ ಹೆಂಗಸರೂ ಹೊರಟರು. ಕೈಯಲ್ಲಿ ಪುಸ್ತಕವಿರಲಿಲ್ಲ, ತೆಲುಗು ಹಾಡುಗಳಿದ್ದವು. ಅವರಿಗೆ ಹೇಳಲು ಇದ್ದದ್ದು ತಮ್ಮ ಮನೆಯಲ್ಲಿ ಕುಡಿತ ನಿಂತಿತು, ಮಕ್ಕಳು ಶಾಲೆಗೆ ಹೋದರು ಎಂಬಂಥ ಸಂಗತಿಗಳು, ಮತ್ತು ಅದಕ್ಕೆ ಕಾರಣನಾದವನ ಹೆಸರು. ಸಭೆಯ ನಡವಳಿಕೆಯ ಬಗ್ಗೆ ಬಿಷಪ್ ಕಟ್ಟುನಿಟ್ಟಾಗಿದ್ದರು. ಸಾಕ್ಷಿ ಹೇಳುವವನ ಬದುಕು ಕೇಳುವವರ ಕಣ್ಣೆದುರೇ ಇತ್ತು.

ಈ ಕ್ರಮಕ್ಕೂ ಕೊರತೆಗಳಿದ್ದವು. ಭಯದ ಮೇಲೆ ನಿಂತ ಆಣೆ ಎಲ್ಲರಲ್ಲೂ ಸಂತೋಷದ ಸಾಕ್ಷಿಯಾಗಿ ಮಾಗುವುದಿಲ್ಲ. ಮಾಲ ಮಾದಿಗರ ಹಳೆಯ ಜಗಳ ಸಭೆಯೊಳಕ್ಕೂ ಬಂತು, ಬಿಷಪ್ ಬದುಕಿರುವವರೆಗೂ ಪೂರ್ತಿ ಅಳಿಯಲಿಲ್ಲ. ಎಲ್ಲವೂ ಒಬ್ಬರ ವರ್ಚಸ್ಸಿನ ಮೇಲೆ ಅತಿಯಾಗಿ ವಾಲಿತ್ತು.

ಆದರೆ ನನ್ನ ಜಗಳ ಇರುವುದು ಅಜರಯ್ಯನವರನ್ನು 'ಚರ್ಚ್ ಗ್ರೋತ್' ಚಳವಳಿಯ ಪೂರ್ವಸೂರಿ ಎನ್ನುವವರ ಜೊತೆ. ಆ ಚಳವಳಿಯ ಜನಕ ಡೊನಾಲ್ಡ್ ಮೆಕ್‌ಗ್ಯಾವ್ರನ್ ಹುಟ್ಟಿದ್ದು ದಮೋಹ್‌ನಲ್ಲಿ, ಮಧ್ಯ ಭಾರತದಲ್ಲಿ ದಶಕಗಳ ಕಾಲ ಮಿಷನರಿಯಾಗಿದ್ದವರು. ಭಾರತದ ಸಾಮೂಹಿಕ ಚಳವಳಿಗಳ ಬಗ್ಗೆ ಮಿಷನರಿ ಪಿಕೆಟ್ 1933ರಲ್ಲಿ ಹೊರತಂದ ಅಧ್ಯಯನ ಅವರನ್ನು ಹಿಡಿದಲುಗಾಡಿಸಿತು. 1955ರ 'ದಿ ಬ್ರಿಜಸ್ ಆಫ್ ಗಾಡ್', 1970ರ 'ಅಂಡರ್‌ಸ್ಟ್ಯಾಂಡಿಂಗ್ ಚರ್ಚ್ ಗ್ರೋತ್', ನಡುವೆ 1965ರಲ್ಲಿ ಪ್ಯಾಸಡೀನಾದ ಫುಲ್ಲರ್ ಸೆಮಿನರಿಯಲ್ಲಿ ಶುರುವಾದ ಶಾಲೆ, ಇವುಗಳ ಮೂಲಕ ನಮ್ಮ ಕೇರಿಗಳ ಅನುಭವ ಅಮೆರಿಕದ ಸೂತ್ರವಾಯಿತು. ಆ ಸೂತ್ರದ ತಿರುಳು ಇಷ್ಟು: ಜನರು ಜಾತಿ, ಭಾಷೆ, ವರ್ಗದ ಗಡಿ ದಾಟದೆ ಕ್ರೈಸ್ತರಾಗಲು ಬಯಸುತ್ತಾರೆ, ಆದ್ದರಿಂದ ಒಂದೊಂದು ಗುಂಪಿನೊಳಗೇ ಸಭೆ ಬೆಳೆಸಿ. 1977ರಲ್ಲಿ ವಿಶ್ವ ಸುವಾರ್ತಾಸೇವೆಯ ಲೊಸಾನ್ ಸಮಿತಿ ಇದರ ಮೇಲೆಯೇ ಒಂದು ಸಮಾಲೋಚನೆ ನಡೆಸಬೇಕಾಯಿತು. ಲ್ಯಾಟಿನ್ ಅಮೆರಿಕದ ದೈವಶಾಸ್ತ್ರಜ್ಞ ರೆನೆ ಪಾದಿಲ್ಯ ಹೊಸ ಒಡಂಬಡಿಕೆಯಿಂದಲೇ ಇದಕ್ಕೆ ಉತ್ತರ ಕೊಟ್ಟರು.

ದೋರ್ನಕಲ್‌ನಿಂದಲೂ ಉತ್ತರ ಕೊಡಬಹುದಿತ್ತು. 1930ರ ದಶಕದಲ್ಲಿ ಆ ಸೀಮೆಯ ರೈತಾಪಿ ಜಾತಿಗಳ ಜನ ಸಭೆಯ ಕಡೆ ತಿರುಗಿದ್ದು ತಮ್ಮ ಜಾತಿಯ ಬೋಧಕ ಬಂದನೆಂದಲ್ಲ. ತಮ್ಮ ಹೊಲದಲ್ಲಿ ದುಡಿಯುವ ಮಾಲ ಮಾದಿಗರ ಬದುಕು ಬದಲಾದದ್ದನ್ನು ಕಣ್ಣಾರೆ ಕಂಡು ಬಂದರು. ಮೆಕ್‌ಗ್ಯಾವ್ರನ್‌ರ ಗುರುವಾದ ಪಿಕೆಟ್ಟರೇ ಈ ಬಗೆಯ ಬದಲಾವಣೆಯನ್ನು ದಾಖಲಿಸಿದ್ದಾರೆ. ಸುವಾರ್ತೆ ಗಡಿಯನ್ನು ಕೆಳಗಿನಿಂದ ಮೇಲಕ್ಕೆ ದಾಟಿತು. ಗುರು ಕಂಡದ್ದು ಶಿಷ್ಯನ ಸಿದ್ಧಾಂತದಲ್ಲಿ ಬದಿಗೆ ಸರಿಯಿತು, ಉಳಿದದ್ದು ಅಂಕಿ-ಅಂಶ ಮತ್ತು ತಂತ್ರ. ಅಲ್ಲಿಂದ 1995ರ ರಿಕ್ ವಾರೆನ್‌ರ 'ದಿ ಪರ್ಪಸ್ ಡ್ರಿವನ್ ಚರ್ಚ್'ವರೆಗಿನ ದಾರಿ ಉದ್ದವಲ್ಲ. ಈ ಪುಸ್ತಕಗಳಲ್ಲಿ ಸುವಾರ್ತೆ ಸಭೆಯ ಕೇಂದ್ರದಲ್ಲಿದೆ ಎಂದು ಹೊಗಳುವವರು, ಅಲ್ಲಿ ಕೇಂದ್ರದಲ್ಲಿರುವುದು ಹೊಸಬರನ್ನು ಬರಮಾಡಿಕೊಳ್ಳುವ ವ್ಯವಸ್ಥೆ ಎಂಬುದನ್ನು ಗಮನಿಸಬೇಕು. ದೋರ್ನಕಲ್‌ನಲ್ಲಿ ಹೊಸಬನೇ ಹೊರಡುತ್ತಿದ್ದ.

ಗಾಂಧಿ-ಅಜರಯ್ಯ ವಾದವನ್ನು ಬರೆಯುವವರೂ ಹೊಸಬನೇ ಹೊರಟ ಈ ಸಂಗತಿಯನ್ನೇ ಗಮನಿಸದೆ ಹೋಗಿದ್ದಾರೆ. ಆ ಚರ್ಚೆಯಲ್ಲಿ ದಲಿತರು ಯಾರೋ ಹೊರಗಿನವರು ಬಂದು ಕರೆದೊಯ್ಯುವ ಜನರಾಗಿ ಕಾಣುತ್ತಾರೆ. ತಲೆಯ ಮೇಲೆ ಕೈಯಿಟ್ಟು ತಾನೇ ಸಾರಲು ಹೊರಟವನನ್ನು ಆ ಚಿತ್ರದಲ್ಲಿ ಎಲ್ಲಿ ಕೂರಿಸುತ್ತೀರಿ?

ಕನ್ನಡ ಸಭೆಗಳ ಮಾತು ಬೇರೆಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನಮಗೆ ಮುದ್ರಣಾಲಯ, ಹೆಂಚಿನ ಕಾರ್ಖಾನೆ, ನಿಘಂಟು, ಶಾಲೆ ಎಲ್ಲವನ್ನೂ ಕೊಟ್ಟಿತು. ಜೊತೆಗೆ ಸಾರುವುದು ಮಿಷನ್‌ನ ಕೆಲಸ, ಕೇಳುವುದು ಸಭೆಯ ಕೆಲಸ ಎಂಬ ರೂಢಿಯೂ ಬೇರೂರಿತು. ಇವತ್ತು ಆ ಜಾಗದಲ್ಲಿ ವರ್ಷಕ್ಕೊಮ್ಮೆ ಬರುವ ಕನ್ವೆನ್ಶನ್ ಪ್ರಸಂಗಿ ನಿಂತಿದ್ದಾನೆ. ಹೊರಗೆ ಕಾನೂನಿನ ಭಯವಿದೆ, ಈ ಕಾಲದಲ್ಲಿ ಇದೆಲ್ಲ ಆಗದು ಎಂಬ ಮಾತು ಪ್ರತಿ ಕಮಿಟಿಯಲ್ಲೂ ಬರುತ್ತದೆ. ಭಯ ಸುಳ್ಳಲ್ಲ. ಆದರೆ ದೋರ್ನಕಲ್‌ನ ಕೂಲಿಯವನು ತನ್ನ ಜಮೀನ್ದಾರನ ಊರಿನಲ್ಲೇ, ನಾಳೆ ಕೂಲಿ ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲೇ ಬಾಯಿ ತೆರೆದವನು. ನಮ್ಮ ದೀಕ್ಷಾಸ್ನಾನದ ಕ್ರಮದಲ್ಲಿ ಆ ಒಂದು ವಾಕ್ಯ, ಆ ಒಂದು ಕೈ ಸೇರಿಸಲು ಯಾವ ಸಿನೋಡಿನ ಹಣವೂ ಬೇಕಿಲ್ಲ. ದೈವಶಾಸ್ತ್ರ ಕಾಲೇಜುಗಳು ಎಡಿನ್‌ಬರೋ ಭಾಷಣದ ಜೊತೆ ಇದನ್ನೂ ಪಾಠಕ್ಕಿಡಲಿ, ಮುಂದಿನ ದೀಕ್ಷಾಸ್ನಾನದಲ್ಲೇ ಶುರುಮಾಡಲಿ.