ಎರೆಗೆ ನೀಲಿ, ಹಾನಗಲ್ಲಿಗೆ ಕೆಂಪು

ಸಾಲ್ವಿಯಾ ಎಂದರೆ ನಮ್ಮ ಕಡೆ ಬಹಳ ಜನರಿಗೆ ಗೊತ್ತಿರುವುದು ನರ್ಸರಿ ಕುಂಡದಲ್ಲಿ ಉರಿಗೆಂಪಾಗಿ ನಿಂತಿರುವ ಒಂದೇ ಗಿಡ. ಅದು ಬ್ರೆಜಿಲ್ ಮೂಲದ ಸಾಲ್ವಿಯಾ ಸ್ಪ್ಲೆಂಡೆನ್ಸ್. ಆದರೆ ತುಳಸಿ, ದೊಡ್ಡಪತ್ರೆಗಳ ಬಳಗದ ಈ ಕುಲದಲ್ಲಿ ಸುಮಾರು 1000 ಜಾತಿಗಳಿವೆ. ಅಂಗಡಿಯಲ್ಲಿ ಸಿಗುವ ಚಿಯಾ ಬೀಜವೂ ಇದರದ್ದೇ. ಹೀಗಿರುವಾಗ ಹಾನಗಲ್ಲಿಗೂ ಸವಣೂರಿಗೂ ಒಂದೇ ಗಿಡ ಹಚ್ಚುವುದೇಕೆ? ಬಣ್ಣಕ್ಕಿಂತ ಮೊದಲು ಮಣ್ಣು ನೋಡಬೇಕು.

ಮಲೆನಾಡಿನ ಸೆರಗಿನ ಹಾನಗಲ್ಲಿನಲ್ಲಿ ಗಾಳಿ ತಂಪು. ಕೆಂಪು ಸಾಲ್ವಿಯಾಕ್ಕೆ ಇದೇ ಸರಿಯಾದ ಊರು. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನಕ್ಕೆ ನೆರಳಾಗುವ ಜಾಗ ಕೊಡಿ. ಹೂವು ಬೇಗ ಉದುರಿದರೂ ಅದರ ಪುಷ್ಪಪಾತ್ರೆಯೂ ಕೆಂಪಾಗಿರುವುದರಿಂದ ತೆನೆ ಬಹಳ ದಿನ ಬಣ್ಣಗೆಡುವುದಿಲ್ಲ.

ಸವಣೂರಿನ ಎರೆ ಭೂಮಿಯ ಮಾತೇ ಬೇರೆ. ಎರೆ ನೀರು ಹಿಡಿದರೆ ಬೇಗ ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಸುಣ್ಣದಂಶ ಹೆಚ್ಚಿದ್ದಲ್ಲಿ ಕಬ್ಬಿಣ ಸಿಗದೆ ಚಿಗುರೆಲೆ ಹಳದಿಯಾಗಿ, ನರ ಮಾತ್ರ ಹಸಿರುಳಿಯುತ್ತದೆ. ಇಲ್ಲಿಗೆ ಟೆಕ್ಸಾಸ್, ಮೆಕ್ಸಿಕೊ ಕಡೆಯ ನೀಲಿ ಸಾಲ್ವಿಯಾ ಫ್ಯಾರಿನೇಸಿಯಾ ತನ್ನಿ. ಬಿಸಿಲು ತಡೆಯುವ ಗಟ್ಟಿ ಗಿಡ. ಆದರೂ ಒಂದು ಗೇಣು ಎತ್ತರದ ಮಡಿ ಕಟ್ಟಿ, ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿಯೇ ನೆಡಿ.

ಹಿರೇಕೆರೂರಿನ ಮಸಾರಿ ಮಣ್ಣಿಗೆ ಸಾಲ್ವಿಯಾ ಕಾಕ್ಸಿನಿಯಾ ನನ್ನ ಆಯ್ಕೆ. ತೆಳುವಾದ ಕೆಂಪು ಹೂವು, ಕಡಿಮೆ ಆರೈಕೆ. ಉದುರಿದ ಬೀಜ ತಾನೇ ಮೊಳೆಯುತ್ತದೆ, ಸೂರಕ್ಕಿಗಳು ಹುಡುಕಿಕೊಂಡು ಬರುತ್ತವೆ. ಶಿಗ್ಗಾಂವಿಯಲ್ಲಿ ಎರೆ, ಮಸಾರಿ ಎರಡೂ ಇರುವುದರಿಂದ ನಿಮ್ಮ ಹಿತ್ತಲ ಮಣ್ಣನ್ನು ಮುಟ್ಟಿ ನೋಡಿಯೇ ತೀರ್ಮಾನಿಸಿ.

ಮುಂಗಾರಿನ ಜಡಿಮಳೆಯಲ್ಲಿ ಬೀಜ ಹಾಕುವ ಆತುರ ಬೇಡ. ಉತ್ತರಿ ಮಳೆ ಹೊತ್ತಿಗೆ ಟ್ರೇಯಲ್ಲಿ ಬಿತ್ತಿ. ಬೀಜಕ್ಕೆ ಬೆಳಕು ಬೇಕು; ಮೇಲೆ ಮಣ್ಣು ಮುಚ್ಚದೆ ಮೆಲ್ಲಗೆ ಒತ್ತಿದರೆ ಸಾಕು. ಎರಡು ವಾರದೊಳಗೆ ಮೊಳೆಯುತ್ತದೆ. ನಾಲ್ಕಾರು ಎಲೆ ಬಂದ ಮೇಲೆ ತುದಿ ಚಿವುಟಿದರೆ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ. ಚಿತ್ತಿ ಮಳೆ ಮುಗಿಯುವ ಹೊತ್ತಿಗೆ ನೆಟ್ಟರೆ ಚಳಿಗಾಲವಿಡೀ ಹೂವು. ಬಾಡಿದ ತೆನೆಯನ್ನು ಆಗಾಗ ಕತ್ತರಿಸುತ್ತಿರಿ.

ನೀಲಿ ಹೂ ಬಿಟ್ಟಾಗ ಸಪೂರ ಕಡ್ಡಿಯೊಂದನ್ನು ಅದರ ಗಂಟಲಿಗೆ ಮೆಲ್ಲಗೆ ತೂರಿಸಿ. ಮೇಲಿನ ತುಟಿಯ ಮರೆಯಿಂದ ಎರಡು ಕೇಸರಗಳು ಏತದಂತೆ ಬಾಗಿ ಕಡ್ಡಿಗೆ ಪರಾಗ ಸವರುತ್ತವೆ. ಮಕರಂದಕ್ಕೆ ತಲೆ ಹಾಕಿದ ಜೇನಿನ ಬೆನ್ನಿಗೂ ಹೀಗೆಯೇ ಪರಾಗ ಅಂಟುತ್ತದೆ. ಮಕ್ಕಳಿಗೆ ಪರಾಗಸ್ಪರ್ಶ ತೋರಿಸಲು ಇದಕ್ಕಿಂತ ಒಳ್ಳೆಯ ಹೂವನ್ನು ನಾನು ಕಂಡಿಲ್ಲ. ಅದಕ್ಕೇ ನಮ್ಮ ಊರುಗಳ ಶಾಲೆಯ ಅಂಗಳದಲ್ಲಿ ಗುಲಾಬಿಯ ಪಕ್ಕ ಒಂದು ಸಾಲು ನೀಲಿ ಸಾಲ್ವಿಯಾ ಇರಲೇಬೇಕು ಎನ್ನುತ್ತೇನೆ.