ಕೇಳಿಸಿಕೊಳ್ಳದವರ ದೂರು

ಹ್ಯಾಮ್‌ಗಳು ನಾಲ್ಕು ಜನ ಸೇರಿದ ಕಡೆ ಹತ್ತು ನಿಮಿಷದೊಳಗೆ ಒಂದು ಮಾತು ಬಂದೇ ಬರುತ್ತದೆ: ‘ಬ್ಯಾಂಡ್ ಕೆಟ್ಟುಹೋಯ್ತು.’ ಹಿಂದೆ ಶಿಸ್ತಿತ್ತಂತೆ. ಮೋರ್ಸ್ ಕಲಿತು ಬಂದವರಿಗೆ ಒಂದು ತೂಕವಿತ್ತಂತೆ. ಈಗ ಸಿಕ್ಕಸಿಕ್ಕವರೆಲ್ಲ ಪರೀಕ್ಷೆ ಬರೆದು ಕಾಲ್‌ಸೈನ್ ತೆಗೆದುಕೊಂಡು ಬಾಯಿಗೆ ಬಂದಂತೆ ಆಡುತ್ತಾರೆ, ನಡೆಯುತ್ತಿರುವ ನೆಟ್ ಮೇಲೆ ಬೇಕೆಂದೇ ಕ್ಯಾರಿಯರ್ ಹಾಕುತ್ತಾರೆ, ಕೇಳುವವರೇ ಇಲ್ಲ. ಸರ್ಕಾರ ಒಂದಿಬ್ಬರ ಲೈಸೆನ್ಸ್ ಕಿತ್ತುಕೊಂಡರೆ ಸಾಕು, ಉಳಿದವರು ತಾವಾಗಿ ದಾರಿಗೆ ಬರುತ್ತಾರೆ. ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ, ಕೆಲವು ವರ್ಷ ನಾನೂ ಆಡಿದ್ದೇನೆ. ಇದು ತಪ್ಪು ಎಂದು ಈಗ ನನಗೆ ಖಚಿತವಾಗಿದೆ. ರೋಗ ಗುರುತಿಸಿದ್ದೂ ತಪ್ಪು, ಬರೆದುಕೊಟ್ಟ ಮದ್ದೂ ತಪ್ಪು.

ಹ್ಯಾಮ್ ಅಲ್ಲದ ಓದುಗರಿಗೆ ಎರಡು ಮಾತು. ಪರೀಕ್ಷೆ ಪಾಸಾಗಿ, ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದಿಂದ ಲೈಸೆನ್ಸ್ ಪಡೆದು, ಸ್ವಂತ ರೇಡಿಯೊದಿಂದ ಲೋಕದ ಜೊತೆ ಮಾತಾಡುವುದು ಹವ್ಯಾಸಿ ರೇಡಿಯೊ. ಹಾಗೆ ಮಾತಾಡುವವರು ಹ್ಯಾಮ್‌ಗಳು. ಗೊತ್ತಾದ ಹೊತ್ತಿಗೆ ಹಲವರು ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ಕೂಟ ನೆಟ್, ಅದನ್ನು ನಡೆಸುವವರು ನೆಟ್ ಕಂಟ್ರೋಲ್. ಮಾತಿಲ್ಲದ ಬರೀ ಅಲೆ ಕ್ಯಾರಿಯರ್. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಯವರ ಕಾಲ್‌ಸೈನ್ ವಿಯು3 ಎಂದು ಶುರುವಾಗುತ್ತದೆ, ಮೋರ್ಸ್ ಕೂಡ ಪಾಸಾದ ಜನರಲ್ ದರ್ಜೆಯವರದು ವಿಯು2. ಇವರೆಲ್ಲರಿಗೂ ಕೊಟ್ಟಿರುವುದು ಬಯಲು, ಸೈಟಲ್ಲ. ನಲವತ್ತು ಮೀಟರ್ ಬ್ಯಾಂಡ್ ಎಂದರೆ 7 ಮೆಗಾಹರ್ಟ್ಸ್‌ನಿಂದ 7.2ರವರೆಗಿನ ಜಾಗ, ಅದರಲ್ಲಿ ಯಾವ ಫ್ರೀಕ್ವೆನ್ಸಿಗೂ ಯಾರ ಹೆಸರಿನಲ್ಲೂ ಖಾತೆಯಿಲ್ಲ. ಅಮೆರಿಕದ ನಿಯಮಾವಳಿ ಇದನ್ನು ಬಿಡಿಸಿಯೇ ಹೇಳಿದೆ: ಯಾವ ಫ್ರೀಕ್ವೆನ್ಸಿಯೂ ಯಾವ ಒಂದು ಸ್ಟೇಷನ್ನಿಗೂ ಮೀಸಲಲ್ಲ, ಹಂಚಿಕೊಂಡು ಬಳಸಬೇಕು. ಆದರೂ ಅಲ್ಲಿ 14.300 ಮೆಗಾಹರ್ಟ್ಸ್ ಸುತ್ತ, ಹಡಗು ದೋಣಿಗಳ ನೆಟ್ ನಡೆಸುವವರಿಗೂ ಉಳಿದವರಿಗೂ ವರ್ಷಗಟ್ಟಲೆ ಜಗಳ ನಡೆದಿದೆ. ದಿನಾ ಅದೇ ಜಾಗದಲ್ಲಿ ಕೂತವರಿಗೆ ಅದು ತಮ್ಮದೇ ಎನ್ನಿಸಿಬಿಡುತ್ತದೆ. ನಮ್ಮಲ್ಲೂ ಹಾಗೇ. ‘ನಮ್ಮ ಫ್ರೀಕ್ವೆನ್ಸಿಗೆ ಬಂದು ತೊಂದರೆ ಕೊಟ್ಟ’ ಎಂಬ ದೂರಿನಲ್ಲಿ ಮೊದಲು ಪರೀಕ್ಷಿಸಬೇಕಾದ್ದು ‘ತೊಂದರೆ’ ಅಲ್ಲ, ‘ನಮ್ಮ’.

ಇನ್ನು ‘ಬೇಕೆಂದೇ’ ಎಂಬ ಮಾತು. ರಾತ್ರಿ ಹೊತ್ತು ನಲವತ್ತು ಮೀಟರಿನಲ್ಲಿ ಅಲೆ ಮೇಲೆ ಹೋಗಿ, ಅಯಾನುಗೋಳಕ್ಕೆ ಬಡಿದು, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ನೆಲ ಹಿಡಿದು ಹೋಗುವ ಅಲೆ ಹತ್ತಿರದಲ್ಲೇ ಸತ್ತುಹೋಗುತ್ತದೆ. ನಡುವೆ ಇರುವುದು ಬರೀ ಮೌನದ ಪಟ್ಟಿ. ಮೈಸೂರಿನವರು ಭೋಪಾಲದವರ ಜೊತೆ ಮಾತಾಡುತ್ತಿದ್ದಾರೆ ಅನ್ನಿ. ಬೆಂಗಳೂರಿನಲ್ಲಿ ಕೂತ ನನಗೆ ಮೈಸೂರು ಕೇಳುವುದೇ ಇಲ್ಲ. ಭೋಪಾಲದವರು ಆ ಹೊತ್ತಿಗೆ ಮೈಸೂರಿನ ಮಾತು ಕೇಳುತ್ತಾ ಸುಮ್ಮನಿದ್ದಾರೆ. ನನ್ನ ಕಿವಿಗೆ ಜಾಗ ಖಾಲಿ. ‘ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ?’ ಎಂದು ಮರ್ಯಾದೆಯಾಗಿ ಕೇಳಿಯೇ ನಾನು ಶುರುಮಾಡಿದರೂ, ಭೋಪಾಲದ ಕಿವಿಯಲ್ಲಿ ಮೈಸೂರಿನ ಮಾತಿನ ನೆತ್ತಿಯ ಮೇಲೆ ಕೂತ ಪೋಕರಿ ನಾನು. ಇನ್ನೊಂದು ಅರ್ಧ ನಿಮಿಷ ಕಾದಿದ್ದರೆ ಭೋಪಾಲ ಬಾಯಿಬಿಡುತ್ತಿತ್ತು, ನನಗೆ ಗೊತ್ತಾಗುತ್ತಿತ್ತು. ಇಲ್ಲಿ ನನ್ನ ತಪ್ಪು ಆ ಅರ್ಧ ನಿಮಿಷದ್ದು. ಅದಕ್ಕೆ ಯಾವ ಕಲಮಿನಡಿ ಶಿಕ್ಷೆ ಕೊಡುತ್ತೀರಿ?

ಇದನ್ನೇ ಇಸ್ರೋದ ಹ್ಯಾಮ್‌ಸ್ಯಾಟ್ ಇನ್ನೂ ಚೆನ್ನಾಗಿ ಕಲಿಸಿತು. 2005ರ ಮೇ 5ರಂದು ಶ್ರೀಹರಿಕೋಟದಿಂದ ಹಾರಿದ, ನಲವತ್ತೆರಡೂವರೆ ಕಿಲೋ ತೂಕದ ಆ ಉಪಗ್ರಹ ಹ್ಯಾಮ್‌ಗಳಿಗೆಂದೇ ಮಾಡಿದ್ದು, 2014ರವರೆಗೂ ದುಡಿಯಿತು. ನಾವು ಕೆಳಗಿನಿಂದ ಕಳಿಸಿದ್ದನ್ನೆಲ್ಲ ಅದು ತನ್ನಲ್ಲಿದ್ದ ಸುಮಾರು ಒಂದು ವ್ಯಾಟ್ ಶಕ್ತಿಯಲ್ಲಿ ಎಲ್ಲರಿಗೂ ಹಂಚಿ ಕೆಳಗೆ ಕಳಿಸುತ್ತಿತ್ತು. ಒಬ್ಬ ಹೆಚ್ಚು ಪವರ್ ಹಾಕಿದರೆ ಅವನ ಪಾಲು ದೊಡ್ಡದಾಗಿ ಉಳಿದವರ ದನಿ ಕುಗ್ಗುತ್ತಿತ್ತು. ಹಾಗೆ ಮಾಡಿದವರಲ್ಲಿ ಬಹಳ ಜನಕ್ಕೆ ತಾವು ಕಸಿದುಕೊಳ್ಳುತ್ತಿದ್ದೇವೆಂದು ಗೊತ್ತೇ ಇರಲಿಲ್ಲ, ಏಕೆಂದರೆ ಉಪಗ್ರಹದಿಂದ ಮರಳಿ ಬರುತ್ತಿದ್ದ ತಮ್ಮದೇ ದನಿಯನ್ನು ಅವರು ಕೇಳುತ್ತಿರಲಿಲ್ಲ. ಕೇಳಿದವರು ತಾವೇ ಪವರ್ ಇಳಿಸಿದರು.

ನಾನು ಮನಸ್ಸು ಬದಲಾಯಿಸಿದ ಭಾನುವಾರದ ಕತೆ ಹೇಳಲೇಬೇಕು. ಎರಡು ಮೀಟರ್ ಬ್ಯಾಂಡಿನಲ್ಲಿ ಬೆಳಿಗ್ಗೆ ಎಂಟೂವರೆಗೆ ನಮ್ಮ ಗುಂಪಿನ ನೆಟ್. ಅವತ್ತು ಶುರುವಾಗುವ ಮೊದಲೇ ಒಂದು ಮೂಕ ಕ್ಯಾರಿಯರ್ ಬಂದು ಕೂತಿತ್ತು. ಹತ್ತಿರ ಇದ್ದವರ ಮಾತು ಒಬ್ಬರಿಗೊಬ್ಬರಿಗೆ ಕೇಳುತ್ತಿತ್ತು, ದೂರದವರದೆಲ್ಲ ಮುಳುಗಿತು. ನೆಟ್ ಕಂಟ್ರೋಲ್ ಗದರಿದರು. ಇನ್ನೊಬ್ಬರು ಕಾನೂನು ಓದಿದರು. ಮೊಬೈಲುಗಳಲ್ಲಿ ಮಾತು ಹರಿದಾಡಿ ಒಂದು ಹೆಸರಿಗೆ ಬಂದು ನಿಂತಿತು: ಹಿಂದಿನ ವಾರ ನೆಟ್ ಕಂಟ್ರೋಲ್ ಜೊತೆ ವಾದ ಮಾಡಿದ್ದ ಒಬ್ಬ ವಿಯು3 ಹುಡುಗ, ಎಂಜಿನಿಯರಿಂಗ್ ಓದುತ್ತಿದ್ದವನು. ಆ ಹೆಸರನ್ನು ಎತ್ತಿದವರಲ್ಲಿ ನಾನೂ ಒಬ್ಬ. ಒಂಬತ್ತೂಕಾಲಿಗೆ ದೂರಿನ ಕರಡು ಸಿದ್ಧವಾಗಿತ್ತು.

ಎಲ್ಲರೂ ಬೈದು ಸುಸ್ತಾಗಿ ಸುಮ್ಮನಾದ ಒಂದು ಗಳಿಗೆಯಲ್ಲಿ, ವಿಜಯನಗರದ, ನಮ್ಮ ಗುಂಪಿನ ಅಕ್ಕ ಒಬ್ಬರು ಫೋನ್ ಮಾಡಿದರು. ‘ಕ್ಯಾರಿಯರ್ ಮೂಕ ಅಲ್ಲ ಕಣ್ರೀ. ಕುಕ್ಕರ್ ಕೂಗ್ತಾ ಇದೆ. ಎರಡು ವಿಷಲ್ ಆಯ್ತು.’ ಸ್ಪೀಕರಿಗೆ ಕಿವಿಯಿಟ್ಟೆ. ಮೂರನೆಯದು ನನಗೂ ಕೇಳಿಸಿತು. ಯಾರೋ ಪಾತ್ರೆ ಇಟ್ಟ ಸದ್ದು, ಆಮೇಲೆ ಬೀದಿಯಲ್ಲಿ ಸೊಪ್ಪಿನವಳ ಕೂಗು. ಮುಕ್ಕಾಲು ಗಂಟೆಯಿಂದ ಇವೆಲ್ಲ ಅಲ್ಲಿ ಇದ್ದವು. ನಾವು ಅದರ ಮೇಲೆ ಅರಚುತ್ತಿದ್ದೆವು.

ಯಾರ ಮೀಟರಿನಲ್ಲಿ ಎಷ್ಟು ತೋರಿಸುತ್ತಿದೆ ಎಂದು ಫೋನಿನಲ್ಲೇ ವಿಚಾರಿಸಿದೆವು. ಬಸವನಗುಡಿಯಲ್ಲಿ ಮುಳ್ಳು ತುದಿ ಮುಟ್ಟಿತ್ತು. ಇಬ್ಬರು ಅಲ್ಲಿಗೆ ಹೋಗಿ, ಹ್ಯಾಂಡಿಯನ್ನು, ಅಂದರೆ ಕೈ ರೇಡಿಯೊವನ್ನು, ಎದೆಗೊತ್ತಿ ಹಿಡಿದು ಸುತ್ತ ತಿರುಗಿದೆವು. ನಮ್ಮ ಮೈ ಅಡ್ಡ ಬಂದಾಗ ಸಿಗ್ನಲ್ ತಗ್ಗುತ್ತದೆ. ತಗ್ಗಿದಾಗ ಬೆನ್ನು ಯಾವ ಕಡೆಗಿದೆಯೋ ಆ ಕಡೆಗೇ ನಡೆಯಬೇಕು. ಹತ್ತಿರವಾದಾಗ ಆಂಟೆನಾ ಬಿಚ್ಚಿಟ್ಟೆವು. ಹದಿನೈದು ನಿಮಿಷದಲ್ಲಿ ಒಂದು ಹಳೇ ಮನೆಯ ಗೇಟಿನ ಮುಂದಿದ್ದೆವು. ನಮ್ಮಲ್ಲಿ ಅರ್ಧ ಜನಕ್ಕೆ ನಿಯಮಗಳ ಪಾಠ ಹೇಳಿಕೊಟ್ಟ ಹಿರಿಯರ ಮನೆ ಅದು. ಮೇಜಿನ ಮೇಲಿನ ಮೈಕಿನ ಲಾಕ್ ಗುಂಡಿ ಒತ್ತಿಕೊಂಡು ಕೂತಿತ್ತು, ಪಕ್ಕದಲ್ಲಿ ಲಾಗ್ ಪುಸ್ತಕ ತೆರೆದಿತ್ತು.

‘ಬನ್ನಿ ಬನ್ನಿ. ಇವತ್ತು ನೆಟ್ ಇಲ್ವೇನಪ್ಪ?’ ಎಂದರು. ‘ಎಂಟೂವರೆಯಿಂದ ಕಾಯ್ತಿದೀನಿ, ಒಬ್ಬರದೂ ದನಿ ಇಲ್ಲ.’

ಪ್ರಸಾರ ಮಾಡುತ್ತಿರುವ ರೇಡಿಯೊ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಅವರಿಗೂ ಅವತ್ತು ಆದದ್ದು ಅದೇ, ನಮಗೂ ಆದದ್ದು ಅದೇ. ಆ ಹುಡುಗ ಊರಿನಲ್ಲೇ ಇರಲಿಲ್ಲ. ಅವನಿಗೆ ಹೇಗೋ ವಿಷಯ ತಿಳಿಯಿತು. ನಾನು ಹೋಗಿ ಕ್ಷಮೆ ಕೇಳಿದೆ. ಪರವಾಗಿಲ್ಲ ಸರ್ ಎಂದ, ಆದರೆ ನೆಟ್‌ಗೆ ಮತ್ತೆ ಬರಲಿಲ್ಲ.

ಒಂದೇ ಉದಾಹರಣೆ ಹಿಡಿದು ವಾದ ಮಾಡುತ್ತಿದ್ದಾನೆ ಎನ್ನಬಹುದು. ಹಾಗಾದರೆ ಜಗತ್ತಿನ ಯಾವುದೇ ದೊಡ್ಡ ಪೈಲ್‌ಅಪ್, ಅಂದರೆ ಒಂದೇ ಸ್ಟೇಷನ್ನನ್ನು ಬಹಳ ಜನ ಒಟ್ಟಿಗೆ ಕರೆಯುವ ಗದ್ದಲ, ಕೇಳಿ ನೋಡಿ. ದೂರದ ದ್ವೀಪಕ್ಕೆ ಹೋದ ಸ್ಟೇಷನ್ ಒಂದು ಫ್ರೀಕ್ವೆನ್ಸಿಯಲ್ಲಿ ಮಾತಾಡಿ, ಐದು ಹತ್ತು ಕಿಲೋಹರ್ಟ್ಸ್ ಮೇಲೆ ಉತ್ತರ ಕೇಳುತ್ತದೆ. ಇದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಯಾವನೋ ಒಬ್ಬ ಸ್ಪ್ಲಿಟ್ ಗುಂಡಿ ಒತ್ತಲು ಮರೆತು ದ್ವೀಪದ ಫ್ರೀಕ್ವೆನ್ಸಿಯಲ್ಲೇ ತನ್ನ ಕಾಲ್‌ಸೈನ್ ಹೇಳುತ್ತಾನೆ. ಎರಡು ಸೆಕೆಂಡಿನ ತಪ್ಪು. ತಕ್ಷಣ ಹತ್ತಾರು ಸ್ವಯಂಘೋಷಿತ ಪೊಲೀಸರು ಅದೇ ಫ್ರೀಕ್ವೆನ್ಸಿಯಲ್ಲಿ ‘ಅಪ್! ಅಪ್! ಅಪ್!’ ಎಂದು ಮುಗಿಬೀಳುತ್ತಾರೆ. ಅವರನ್ನು ಬೈಯಲು ಇನ್ನಷ್ಟು ಜನ ಬರುತ್ತಾರೆ. ದ್ವೀಪದವರ ದನಿ ನಿಮಿಷಗಟ್ಟಲೆ ಮುಳುಗುತ್ತದೆ, ಮುಳುಗಿಸಿದವರು ನಿಯಮ ಪಾಲಕರು. ಬೇಕೆಂದೇ ಕಾಡುವವನು ಕಾಯುತ್ತಿರುವುದೂ ಈ ಗದ್ದಲಕ್ಕೇ. ಒಂದು ಕಲ್ಲೆಸೆದು ಅವನು ಆರಾಮವಾಗಿ ಕೂರಬಹುದು. ಬೆಲ್ಜಿಯಂನ ಜಾನ್ ಡೆವೊಲ್ಡೆರ್ ಮತ್ತು ಮಾರ್ಕ್ ಡೆಮುಲನೀರ್ ಬರೆದ ಹ್ಯಾಮ್ ನಡವಳಿಕೆಯ ಕೈಪಿಡಿಯೂ ಗಾಳಿಯಲ್ಲಿ ಪೊಲೀಸ್ ಕೆಲಸಕ್ಕೆ ಇಳಿಯಬೇಡಿ ಎನ್ನುತ್ತದೆ.

ಮೋರ್ಸ್ ಪರೀಕ್ಷೆ ಪೋಕರಿಗಳನ್ನು ಹೊರಗಿಟ್ಟಿತ್ತು ಎಂಬ ನಂಬಿಕೆಗೆ ಆಧಾರವೇ ಇಲ್ಲ. ಶಾರ್ಟ್‌ವೇವ್ ಬಳಸಲು ಮೋರ್ಸ್ ಕಡ್ಡಾಯ ಎಂಬ ಅಂತರರಾಷ್ಟ್ರೀಯ ನಿಯಮ ಹೋದದ್ದು 2003ರಲ್ಲಿ. ಅಮೆರಿಕ ಅದನ್ನು ಪೂರ್ತಿ ಕೈಬಿಟ್ಟದ್ದು 2007ರ ಫೆಬ್ರುವರಿಯಲ್ಲಿ. ಆದರೆ ಅಲ್ಲಿನ ಸಂಪರ್ಕ ಆಯೋಗ ಹ್ಯಾಮ್‌ಗಳ ಪುಂಡಾಟ ತಾಳಲಾಗದೆ ರೈಲಿ ಹಾಲಿಂಗ್ಸ್‌ವರ್ತ್ ಎಂಬ ವಕೀಲರನ್ನು ಅದಕ್ಕೆಂದೇ ಕೂರಿಸಿದ್ದು 1998ರಲ್ಲಿ. ಅಂದರೆ ಆಗ ಶಾರ್ಟ್‌ವೇವ್‌ನಲ್ಲಿ ಕಿತ್ತಾಡುತ್ತಿದ್ದ ಲೈಸೆನ್ಸುದಾರರೆಲ್ಲ ಮೋರ್ಸ್ ಪಾಸಾದವರೇ. ಮೋರ್ಸ್ ನನಗೆ ಬಲು ಪ್ರೀತಿ. ಆದರೆ ಅದು ಕಿವಿಯ ಪರೀಕ್ಷೆ, ಗುಣದ ಪರೀಕ್ಷೆಯಲ್ಲ. ವಿಯು3 ಎಂಬ ಅಂಕಿ ಕಂಡೊಡನೆ ಮುಖ ಸಿಂಡರಿಸುವ ಹಿರಿಯರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗೆಂದು ದುರುದ್ದೇಶದವರೇ ಇಲ್ಲ ಎನ್ನುತ್ತಿಲ್ಲ. ಲಾಸ್ ಏಂಜಲೀಸ್‌ನಲ್ಲಿ ವರ್ಷಗಟ್ಟಲೆ ಹ್ಯಾಮ್ ಮತ್ತು ತುರ್ತು ಸೇವೆಗಳ ಫ್ರೀಕ್ವೆನ್ಸಿಗಳನ್ನು ಕಾಡಿದ ಒಬ್ಬನಿಗೆ 2006ರಲ್ಲಿ ಏಳು ವರ್ಷ ಸೆರೆವಾಸವಾಯಿತು. 2021ರಲ್ಲಿ ಇಡಾಹೊ ರಾಜ್ಯದ ಕಾಡ್ಗಿಚ್ಚಿನ ಸಮಯದಲ್ಲಿ ಅಗ್ನಿಶಾಮಕರ ಫ್ರೀಕ್ವೆನ್ಸಿಗೆ ನುಗ್ಗಿದ ಒಬ್ಬ ಹ್ಯಾಮ್‌ಗೆ 34,000 ಡಾಲರ್ ದಂಡ ಬಿತ್ತು. ಸರಿಯಾಗಿಯೇ ಆಯಿತು. ಅಲ್ಲಿ ಬೇರೆಯವರ ಜೀವದ ಪ್ರಶ್ನೆಯಿತ್ತು. ಆದರೆ ಲಾಸ್ ಏಂಜಲೀಸಿನವನನ್ನು ಸಿಕ್ಕಿಸಿದ್ದು ಬೈಗುಳವಲ್ಲ. ದಿಕ್ಕು ಹುಡುಕಿ, ಧ್ವನಿಮುದ್ರಿಸಿ, ತಾಳ್ಮೆಯಿಂದ ಕೂಡಿಹಾಕಿದ ಪುರಾವೆ. ಹಾಲಿಂಗ್ಸ್‌ವರ್ತ್ ಅವರ ಹತ್ತು ವರ್ಷದ ಕೆಲಸದಲ್ಲೂ ಹೆಚ್ಚಿನದು ಎಚ್ಚರಿಕೆಯ ಪತ್ರ, ಫೋನ್ ಕರೆ. 2020ರಿಂದ ಅಲ್ಲಿ ತರಬೇತಿ ಪಡೆದ ಸ್ವಯಂಸೇವಕರೇ ಬ್ಯಾಂಡ್ ಆಲಿಸುತ್ತಾರೆ. ಅವರು ತಪ್ಪು ಮಾಡಿದವರಿಗೆ ಮಾತ್ರವಲ್ಲ, ಚೆನ್ನಾಗಿ ನಡೆದುಕೊಂಡವರಿಗೂ ಪತ್ರ ಬರೆಯುತ್ತಾರೆ.

ನಮ್ಮ ದೇಶದಲ್ಲಿ ಕಾನೂನು ಕಡಿಮೆಯಾಗಿದೆಯೇ? 1933ರ ವೈರ್‌ಲೆಸ್ ಕಾಯ್ದೆಯಲ್ಲೇ ಲೈಸೆನ್ಸಿಲ್ಲದ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಇತ್ತು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ನಮ್ಮ ನೆಟ್ ಜಗಳ ಬಿಡಿಸಲು ಸರ್ಕಾರದ ಮಾನಿಟರಿಂಗ್ ಕೇಂದ್ರದವರು ಬರಲಿ ಎನ್ನುವವರು, ವಿಮಾನ, ಹಡಗು, ಪೊಲೀಸ್ ಸಂಪರ್ಕಗಳ ತೊಂದರೆ ಹುಡುಕುವುದೂ ಅದೇ ಕೇಂದ್ರಗಳ ಕೆಲಸ ಎಂಬುದನ್ನು ಯೋಚಿಸಬೇಕು.

ಸರ್ಕಾರದ ಕೈ ನಿಜವಾಗಿ ಬೇಕಿರುವುದು ಅಂಗಡಿಯಲ್ಲಿ. ಯಾವ ಪರೀಕ್ಷೆಯೂ ಇಲ್ಲದೆ, ಲೈಸೆನ್ಸ್ ಬೇಕೆಂಬ ಮಾತನ್ನೂ ಹೇಳದೆ ಆನ್‌ಲೈನಿನಲ್ಲಿ ವಾಕಿಟಾಕಿ ಮಾರಿದರೆ, ಕೊಂಡವನನ್ನು ಹಿಡಿದು ಏನು ಫಲ? 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿ ತಂದಿತು, ಅದು ಸರಿಯಾದ ಜಾಗ. ಇನ್ನೊಂದು ಜಾಗ ಕಳಪೆ ಅಡಾಪ್ಟರು, ಎಲ್‌ಇಡಿ ಬಲ್ಬು, ಇನ್ವರ್ಟರುಗಳದು. ಸಂಜೆ ಆರಾದರೆ ನನ್ನ ನಲವತ್ತು ಮೀಟರಿನಲ್ಲಿ ಗುಂಯ್ಗುಟ್ಟುವ ಗೋಡೆ ಏಳುತ್ತದೆ. ಬೀದಿಗೆ ಕರೆಂಟ್ ಹೋದರೆ ಗೋಡೆ ಕುಸಿದು, ಅದುವರೆಗೆ ಇರಲೇ ಇಲ್ಲ ಎನ್ನಿಸಿದ್ದ ಸ್ಟೇಷನ್‌ಗಳು ಮೇಲೇಳುತ್ತವೆ. ಯಾವ ಪುಂಡನೂ ನನ್ನಿಂದ ಅಷ್ಟು ಸ್ಟೇಷನ್ ಕಸಿದಿಲ್ಲ. ಇದರ ಬಗ್ಗೆ ನಮ್ಮ ಸಭೆಗಳಲ್ಲಿ ಕೋಪ ಏಳುವುದೇ ಇಲ್ಲ, ಬೈಯಲು ಅದಕ್ಕೊಂದು ಕಾಲ್‌ಸೈನ್ ಇಲ್ಲದ್ದರಿಂದಲೋ ಏನೋ.

ಕೇಳಿಸಿಕೊಳ್ಳುವ ಅಭ್ಯಾಸ ಯಾಕೆ ಬೇಕು ಎಂಬುದಕ್ಕೆ ಒಂದು ದಿನ ಸಾಕು. 2004ರ ಡಿಸೆಂಬರ್ 26ರಂದು ಭಾರತಿ ಪ್ರಸಾದ್ ಎಂಬ ಹ್ಯಾಮ್ ಮತ್ತು ಅವರ ತಂಡ ಪೋರ್ಟ್ ಬ್ಲೇರಿನಲ್ಲಿದ್ದರು. ಅಂಡಮಾನಿನಿಂದ ಲೋಕದ ಹ್ಯಾಮ್‌ಗಳ ಜೊತೆ ಮಾತಾಡಲೆಂದು ಹೋದವರು, ಸುನಾಮಿ ಬಡಿದ ಮೇಲೆ ಅದೇ ರೇಡಿಯೊದಿಂದ ಬದುಕಿದವರ ಸುದ್ದಿ ಕಳಿಸುವ ಕೆಲಸಕ್ಕೆ ನಿಂತರು. ಅಂಥ ಹೊತ್ತಿನಲ್ಲಿ ಉಳಿದ ಸಾವಿರಾರು ಹ್ಯಾಮ್‌ಗಳು ಮಾಡಬೇಕಾದ ಕೆಲಸ ಒಂದೇ, ಮೈಕಿನಿಂದ ಕೈ ತೆಗೆಯುವುದು. ಅದನ್ನು ಯಾರೂ ಅವತ್ತೇ ಕಲಿಯಲಾಗುವುದಿಲ್ಲ. ಮಾಮೂಲಿ ಭಾನುವಾರಗಳಲ್ಲಿ ಅಭ್ಯಾಸವಾಗಿರಬೇಕು.

ಕುಕ್ಕರಿನ ಆ ಭಾನುವಾರದ ನಂತರ ನಮ್ಮ ಗುಂಪು ದೂರಿನ ಕರಡನ್ನು ಹರಿದುಹಾಕಿತು. ನೆಟ್ ಶುರುವಾಗುವ ಮೊದಲು ಒಂದು ನಿಮಿಷ ಯಾರೂ ಪಿಟಿಟಿ, ಅಂದರೆ ಮಾತಿನ ಗುಂಡಿ, ಒತ್ತಕೂಡದು ಎಂದು ತೀರ್ಮಾನವಾಯಿತು. ಕಾಲಹರಣ ಎಂದವರಿದ್ದರು. ಎರಡನೆಯ ವಾರ, ಆ ನಿಮಿಷದ ನಡುವೆ, ಗೊರಗೊರ ಸದ್ದಿನ ತಳದಿಂದ ಒಂದು ತೆಳ್ಳನೆಯ ದನಿ ಎದ್ದಿತು. ವಿಯು3 ಕಾಲ್‌ಸೈನ್, ಹೊಸಕೋಟೆ ಕಡೆಯ ಹುಡುಗಿ, ಐದು ವ್ಯಾಟಿನ ಹ್ಯಾಂಡಿ ಹಿಡಿದು ಮನೆಯ ತಾರಸಿಯ ಮೇಲೆ ನಿಂತಿದ್ದಾಳೆ. ಒಂದು ತಿಂಗಳಿಂದ ಪ್ರತಿ ಭಾನುವಾರ ಚೆಕ್ ಇನ್ ಮಾಡಲು ಕರೆಯುತ್ತಿದ್ದೆ ಎಂದಳು. ನೆಟ್ ಕಂಟ್ರೋಲ್ ಅವಳ ಕಾಲ್‌ಸೈನನ್ನು ಎರಡು ಸಲ ಕೇಳಿ ಬರೆದುಕೊಂಡರು.