ಕಿಂಡಿಯ ಆಚೆಗಿನ ದೋಣಿ

ಸೇಂಟ್ ಪೀಟರ್ಸ್‌ಬರ್ಗಿಗೆ ಹೋದವರು ಅರಮನೆ, ಚರ್ಚುಗಳನ್ನೆಲ್ಲ ನೋಡಿ ಮುಗಿಸಿ, ರಸ್ಕೋಲ್ನಿಕೋವ್ ಇದ್ದ ಮನೆ ಯಾವುದು ಎಂದು ಹುಡುಕುತ್ತಾರೆ. ಅವನು ದಾಸ್ತೋವ್‌ಸ್ಕಿಯ ಕಾದಂಬರಿಯ ಪಾತ್ರ ಎಂಬುದು ಯಾರಿಗೂ ಅಡ್ಡಿಯಾಗುವುದಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ನಮ್ಮದೂ ಹೆಚ್ಚುಕಡಿಮೆ ಇದೇ ಪಾಡು. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಆಮೇಲೆ ಈ ಬಂಡೆಗಳನ್ನು ನಾವು ಬರಿಗಣ್ಣಿನಿಂದ ನೋಡಿದ್ದೇ ಕಡಿಮೆ. ಮೆಟ್ಟಿಲು ಹತ್ತುವಾಗ ರಾಮಾಚಾರಿ, ಕಿಂಡಿಯ ಹತ್ತಿರ ಓಬವ್ವನಾಗಿ ಜಯಂತಿ.

ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ. ಅರಮನೆಗೆ ಸೇರದ, ಕಾವಲುಗಾರನೊಬ್ಬನ ಹೆಂಡತಿಯನ್ನು ಇಡೀ ನಾಡಿನ ಮನೆಮಾತಾಗಿಸಿದ್ದು ಸಣ್ಣ ಕೆಲಸವಲ್ಲ. ತಕರಾರು ಇರುವುದು ಆ ಹಾಡು ಕಲಿಸಿಕೊಟ್ಟ ನೋಟದ ಬಗ್ಗೆ. ಪ್ರವಾಸಿಗರು ಮೈ ಕುಗ್ಗಿಸಿ ಕಿಂಡಿಯೊಳಗೆ ನುಸುಳುತ್ತಾರೆ, ಒನಕೆ ಎತ್ತಿದ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ. ಹತ್ತಿರದಲ್ಲೇ ಇರುವ ತಣ್ಣೀರು ದೋಣಿಯ ಬಳಿ ನಿಲ್ಲುವವರು ವಿರಳ.

ಆದರೆ ಕಥೆ ಶುರುವಾಗುವುದೇ ಅಲ್ಲಿ. ಗಂಡ ಊಟಕ್ಕೆ ಬಂದಿದ್ದಾನೆ, ಮನೆಯಲ್ಲಿ ಕುಡಿಯಲು ನೀರಿಲ್ಲ, ಓಬವ್ವ ತರಲು ಹೋಗುತ್ತಾಳೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು ಅವಳ ಕಣ್ಣಿಗೆ ಬೀಳುವುದು ಆಗ. ನೀರು ತರುವ ಹೆಂಗಸಿಗಷ್ಟೇ ಗೊತ್ತಿರಬಹುದಾದ ದಾರಿ, ಹೊತ್ತು, ಸದ್ದು ಇವು. ಒನಕೆ ಆಮೇಲಿನದು. ನನ್ನ ಪ್ರಬಂಧದ ಒಂದು ಅಧ್ಯಾಯದ ಕರಡಿನಲ್ಲಿ ‘ಒನಕೆ’ ಎಂಬ ಪದ ಹನ್ನೊಂದು ಸಲ ಬಂದಿದೆ, ‘ನೀರು’ ಒಂದು ಸಲವೂ ಇಲ್ಲ. ಅದನ್ನು ಎಣಿಸಿದ ದಿನ ನಾಚಿಕೆಯಾಯಿತು.

ಏಳುಸುತ್ತಿನ ಕೋಟೆ ಎಂದು ಗೋಡೆಗಳನ್ನು ಎಣಿಸುತ್ತೇವೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ, ಬಂಡೆಯ ನೆತ್ತಿಯ ಮೇಲೆ ಜನ, ಕುದುರೆ, ಸೈನ್ಯ ಬದುಕಿದ್ದು ಗೋಡೆಯಿಂದಲ್ಲ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡ. ಹೀಗೆ ಮೇಲಿನದರ ಕೋಡಿ ಕೆಳಗಿನದರ ಪಾಲು, ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ. ದುರ್ಗದ ವಾಸ್ತುಶಿಲ್ಪ ಎಂದರೆ ನನ್ನ ಮಟ್ಟಿಗೆ ಮೊದಲು ಇದು, ಬುರುಜು, ಬತೇರಿಗಳೆಲ್ಲ ಇದರ ನಂತರ. ಇದಕ್ಕೆ ಹಾಡಿಲ್ಲ, ನಾಯಕನೂ ಇಲ್ಲ. 1779ರಲ್ಲಿ ದುರ್ಗ ಹೈದರನ ಕೈಸೇರಿದ ಮೇಲೂ ಮಳೆ ಬಂದಾಗಲೆಲ್ಲ ನೀರು ಅದೇ ದಾರಿಯಲ್ಲಿ ಇಳಿದಿರಬೇಕು.

ಕಳೆದ ಸಲ ಗೆಳೆಯರನ್ನು ಕರೆದುಕೊಂಡು ಹೋದಾಗ ಕಿಂಡಿಗಿಂತ ಮೊದಲು ದೋಣಿಯ ಹತ್ತಿರ ನಿಲ್ಲಿಸಿದೆ. ಒಬ್ಬಳು ಬಗ್ಗಿ ನೋಡಿ, ‘ಇಲ್ಲಿಂದ ಕೊಡ ಹೊತ್ತುಕೊಂಡು ಹತ್ತೋದು ಹೇಗೇ?’ ಎಂದಳು.